ವ್ಯಸನಿಗೆ ಆಸರೆ: ಮದೀನಾದಿಂದ ಇಳಕಲ್‌ವರೆಗೆ

ಮದ್ಯವು ಸಕಲ ಕೆಡುಕುಗಳ ತಾಯಿ ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಜುಮಾ ಖುತ್ಬಾಗಳಲ್ಲಿ, ಮದ್ರಸಾದ ಪಾಠಗಳಲ್ಲಿ ಅದು ಹರಾಮ್ ಎಂಬುದನ್ನು ಮತ್ತೆ ಮತ್ತೆ ಸಾರಲಾಗುತ್ತದೆ. ಆ ವಿಧಿಯನ್ನು ಅರಿಯದ ಮುಸ್ಲಿಮನಿಲ್ಲ. ಆದರೆ ಅರಿತಿದ್ದೂ ಅದರ ಬಲೆಯಲ್ಲಿ ಸಿಲುಕಿ ಹೊರಬರಲಾರದೆ ನರಳುವ ಮನುಷ್ಯನಿಗೆ ಸಮುದಾಯವು ಏನು ಮಾಡಬೇಕು? ಗುಡೂರು, ಇಳಕಲ್, ಹುನಗುಂದ, ಬಾದಾಮಿಗಳ ಈ ಸೀಮೆಯಲ್ಲಿ ಮಗ್ಗದ ಮನೆಗಳೂ ಕಲ್ಲುಗಣಿಗಳೂ ಇವೆ; ದಿನಗೂಲಿಯನ್ನೇ ನಂಬಿದ ಕುಟುಂಬಗಳಿವೆ. ಇಂತಹ ಮನೆಯ ದುಡಿಯುವ ಕೈಯೊಂದು ನಶೆಗೆ ಬಿದ್ದರೆ ಮನೆಯೇ ಬೀಳುತ್ತದೆ. ಆದ್ದರಿಂದ ಮೇಲಿನ ಪ್ರಶ್ನೆಗೆ ನಮ್ಮ ಚರಿತ್ರೆ ಕೊಟ್ಟಿರುವ ಉತ್ತರಗಳನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಪವಿತ್ರ ಕುರ್‌ಆನ್ ಮದ್ಯವನ್ನು ಒಂದೇ ಏಟಿಗೆ ನಿಷೇಧಿಸಲಿಲ್ಲ. ಮೊದಲು ಅಲ್ ಬಕರ ಅಧ್ಯಾಯದಲ್ಲಿ, ಅದರಲ್ಲಿ ಪ್ರಯೋಜನಕ್ಕಿಂತ ಪಾಪವೇ ದೊಡ್ಡದೆಂದು ತಿಳಿಸಲಾಯಿತು (2:219). ಬಳಿಕ ನಶೆಯಲ್ಲಿರುವಾಗ ನಮಾಝನ್ನು ಸಮೀಪಿಸಬಾರದೆಂಬ ಆಜ್ಞೆ ಬಂದಿತು (4:43). ದಿನಕ್ಕೆ ಐದು ಹೊತ್ತಿನ ನಮಾಝ್ ಇರುವ ಸಮಾಜದಲ್ಲಿ ಈ ಒಂದೇ ಆಜ್ಞೆಯು ಕುಡಿತದ ಹೊತ್ತನ್ನು ಎಷ್ಟು ಕಿರಿದಾಗಿಸಿತೆಂಬುದನ್ನು ಊಹಿಸಬಹುದು. ಕೊನೆಗೆ ಅಲ್ ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಸಂಪೂರ್ಣ ನಿಷೇಧವನ್ನು ವಿಧಿಸಿದವು. ಆ ದಿನ ಮದೀನಾದ ಜನರು ಮನೆಗಳಲ್ಲಿದ್ದ ಮದ್ಯವನ್ನು ಚೆಲ್ಲಿದಾಗ ಅದು ಬೀದಿಗಳಲ್ಲಿ ಹರಿಯಿತೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ನಿಷೇಧವು ಪೂರ್ಣಗೊಂಡ ಮೇಲೆ ಇಂದು ಯಾರಿಗೂ ಸ್ವಲ್ಪ ಸ್ವಲ್ಪ ಕುಡಿಯುವ ಅವಕಾಶವಿಲ್ಲ. ಆದರೆ ಮನುಷ್ಯನ ಸ್ವಭಾವವನ್ನು ಬಲ್ಲ ಅಲ್ಲಾಹನು ಆ ಸಮಾಜವನ್ನು ಸಿದ್ಧಗೊಳಿಸಿದ ಬಗೆಯಲ್ಲಿ ನಮಗೊಂದು ಪಾಠವಿದೆ. ಬಿಡಿಸುವವನಿಗೆ ಸಹನೆ ಬೇಕು.

ಬೀದಿಯಲ್ಲಿ ಮದ್ಯ ಹರಿದ ಬಳಿಕವೂ ಎಲ್ಲರೂ ಗೆದ್ದರೆಂದು ತಿಳಿಯಬಾರದು. ಸಹೀಹ್ ಬುಖಾರಿಯಲ್ಲಿ ಅಬ್ದುಲ್ಲಾ ಎಂಬ ವ್ಯಕ್ತಿಯ ವೃತ್ತಾಂತವಿದೆ. ಅವರು ತಮ್ಮ ಹಾಸ್ಯದಿಂದ ಪ್ರವಾದಿ ಮುಹಮ್ಮದ್(ಸ)ರನ್ನು ನಗಿಸುತ್ತಿದ್ದವರು. ಕುಡಿದ ತಪ್ಪಿಗಾಗಿ ಹಲವು ಬಾರಿ ಶಿಕ್ಷೆಗೊಳಗಾದವರು. ಒಮ್ಮೆ ಅವರನ್ನು ಮತ್ತೆ ಕರೆತಂದಾಗ ಅಲ್ಲಿದ್ದವರೊಬ್ಬರು ಶಪಿಸಿದರು. ಪ್ರವಾದಿವರ್ಯರು(ಸ) ಅದನ್ನು ತಡೆದು, ಈ ಮನುಷ್ಯನು ಅಲ್ಲಾಹನನ್ನೂ ಆತನ ದೂತನನ್ನೂ ಪ್ರೀತಿಸುತ್ತಾನೆ ಎಂದು ಸಾಕ್ಷ್ಯ ನುಡಿದರು. ಇಂತಹುದೇ ಇನ್ನೊಂದು ಸಂದರ್ಭದಲ್ಲಿ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿರೆಂದು ಎಚ್ಚರಿಸಿದರು. ಇಲ್ಲಿ ತಪ್ಪನ್ನು ಸರಿಯೆಂದು ಹೇಳಲಿಲ್ಲ, ಶಿಕ್ಷೆಯನ್ನೂ ಮನ್ನಿಸಲಿಲ್ಲ. ಆದರೆ ತಪ್ಪಿತಸ್ಥನನ್ನು ಸಮುದಾಯದಿಂದ ಹೊರಗೆಸೆಯಲು ಬಿಡಲಿಲ್ಲ.

ದ್ವಿತೀಯ ಖಲೀಫ ಹಝ್ರತ್ ಉಮರ್(ರ) ಇದೇ ಮಾರ್ಗವನ್ನು ಅನುಸರಿಸಿದರು. ಸಿರಿಯಾದ ಕಡೆಯ ಪರಿಚಿತನೊಬ್ಬನು ಬಹಳ ದಿನಗಳಿಂದ ಕಾಣದಿರುವಾಗ ಅವರು ವಿಚಾರಿಸಿದರು. ಆತನು ಕುಡಿತದಲ್ಲಿ ಮುಳುಗಿದ್ದಾನೆಂಬ ಸುದ್ದಿ ಬಂದಿತು. ಪಾಪಗಳನ್ನು ಕ್ಷಮಿಸುವ, ಪಶ್ಚಾತ್ತಾಪವನ್ನು ಸ್ವೀಕರಿಸುವ ಅಲ್ಲಾಹನ ಗುಣಗಳನ್ನು ಸ್ಮರಿಸುವ ಗಾಫಿರ್ ಅಧ್ಯಾಯದ ಆರಂಭದ ಸೂಕ್ತಗಳನ್ನು ಬರೆದು ಖಲೀಫರು ಆತನಿಗೆ ಪತ್ರ ಕಳಿಸಿದರು. ಜೊತೆಗಿದ್ದವರಿಗೆ ಆತನಿಗಾಗಿ ಪ್ರಾರ್ಥಿಸಲು ಹೇಳಿದರು. ಆ ಪತ್ರವನ್ನು ಓದಿ ಓದಿ ಅತ್ತು ಆತನು ಕುಡಿತವನ್ನು ತೊರೆದನೆಂದು ಇಬ್ನ್ ಕಸೀರ್ ತಮ್ಮ ವ್ಯಾಖ್ಯಾನದಲ್ಲಿ ದಾಖಲಿಸಿದ್ದಾರೆ.

ಕ್ರಿ.ಶ. 636ರ ಸುಮಾರಿಗೆ ನಡೆದ ಕಾದಿಸಿಯ್ಯ ಯುದ್ಧದ ಸಂದರ್ಭದ ಒಂದು ಘಟನೆಯೂ ಗಮನಾರ್ಹವಾದುದು. ಅಬೂ ಮಿಹ್ಜನ್ ಎಂಬ ಶೂರ ಕವಿಯು ಮದ್ಯದ ಚಟದಿಂದಾಗಿ ಸೇನಾಪತಿ ಸಅದ್ ಬಿನ್ ಅಬೀ ವಕ್ಕಾಸ್(ರ)ರ ನಿವಾಸದಲ್ಲಿ ಸಂಕೋಲೆಯಲ್ಲಿದ್ದರು. ಯುದ್ಧದ ಸದ್ದು ಕೇಳಿ ತಳಮಳಗೊಂಡು, ಬದುಕಿದ್ದರೆ ಮರಳಿ ಬಂದು ತಾವೇ ಸಂಕೋಲೆ ತೊಡುವೆನೆಂದು ಸಅದ್‌ರ ಪತ್ನಿಗೆ ಮಾತು ಕೊಟ್ಟರು. ಆ ಮಹಿಳೆ ನಂಬಿದರು, ಬಿಡಿಸಿದರು. ಅಬೂ ಮಿಹ್ಜನ್ ಸಅದ್‌ರ ಕುದುರೆಯನ್ನೇರಿ ಹೋರಾಡಿ, ಕೊಟ್ಟ ಮಾತಿನಂತೆ ಮರಳಿ ಬಂಧನಕ್ಕೆ ಕಾಲೊಡ್ಡಿದರು. ವಿಷಯ ತಿಳಿದ ಸಅದ್ ಅವರನ್ನು ಬಿಡುಗಡೆಗೊಳಿಸಿ ಇನ್ನು ಶಿಕ್ಷಿಸುವುದಿಲ್ಲವೆಂದರು. ಅಬೂ ಮಿಹ್ಜನ್ ಇನ್ನೆಂದೂ ಕುಡಿಯುವುದಿಲ್ಲವೆಂದರು. ಹಿಂದೆ ಪ್ರತಿ ಬಾರಿಯೂ ಶಿಕ್ಷೆ ಆಗಿತ್ತು, ಚಟ ಬಿಟ್ಟಿರಲಿಲ್ಲ. ವಿಶ್ವಾಸವಿಟ್ಟು ಹೊಣೆ ವಹಿಸಿದಾಗ ಬಿಟ್ಟಿತು.

ಮುಂದಿನ ಶತಮಾನಗಳಲ್ಲಿ ಮುಸ್ಲಿಮ್ ನಗರಗಳಲ್ಲಿ ಬೀಮಾರಿಸ್ತಾನ್‌ಗಳು ಎದ್ದು ನಿಂತವು. ದಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ, ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಸ್ಥಾಪಿಸಿದವು ಅವುಗಳಲ್ಲಿ ಹೆಸರಾದವು. ಇವು ವ್ಯಸನಿಗಳಿಗೆಂದೇ ಕಟ್ಟಿದವುಗಳಲ್ಲ. ಆದರೆ ದೇಹದ ರೋಗಿಗೂ ಮನಸ್ಸಿನ ರೋಗಿಗೂ ಅಲ್ಲಿ ವಾಸ, ಊಟ, ವೈದ್ಯರ ಆರೈಕೆಗಳು ವಕ್ಫ್ ಆದಾಯದಿಂದ ದೊರೆಯುತ್ತಿದ್ದವು. ಗುಣಮುಖನಾಗಿ ಹೊರಡುವ ಬಡವನಿಗೆ ಕೂಡಲೇ ದುಡಿಯಬೇಕಾಗದಿರಲೆಂದು ಹಣವನ್ನೂ ಕೊಡುವ ವ್ಯವಸ್ಥೆಯಿತ್ತು. ದೀನಿನ ಹೆಸರಿನಲ್ಲಿ ನಡೆದ ಸಂಸ್ಥೆಯೂ ವೈದ್ಯನನ್ನೇ ಮುಂದಿಟ್ಟಿತ್ತೆಂಬುದನ್ನು ಮರೆಯಬಾರದು.

ಆಧುನಿಕ ಕಾಲದಲ್ಲಿ ಈ ವಿಚಾರವು ಬೇರೆ ರೂಪದಲ್ಲಿ ಮರಳಿತು. 1935ರಲ್ಲಿ ಅಮೆರಿಕದ ಅಕ್ರಾನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಮದ್ಯವ್ಯಸನಿಗಳು ಪರಸ್ಪರ ಆಸರೆಯಾಗಿ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟವನ್ನು ಆರಂಭಿಸಿದರು. ಕ್ರೈಸ್ತ ಧಾರ್ಮಿಕ ಬಳಗವೊಂದರಿಂದ ಪ್ರೇರಣೆ ಪಡೆದ ಈ ಮಾರ್ಗದಲ್ಲಿ ತನ್ನ ಅಸಹಾಯಕತೆಯನ್ನು ಒಪ್ಪಿ ದೇವನಿಗೆ ಶರಣಾಗುವುದೇ ಮೊದಲ ಮೆಟ್ಟಿಲುಗಳು. 1989ರಲ್ಲಿ ಬಾಲ್ಟಿಮೋರ್‌ನ ಮುಸ್ಲಿಮರು ಇದೇ ಹನ್ನೆರಡು ಹೆಜ್ಜೆಗಳನ್ನು ಇಸ್ಲಾಮಿನ ನೆಲೆಯಲ್ಲಿ ರೂಪಿಸಿಕೊಂಡು 'ಮಿಲ್ಲತಿ ಇಸ್ಲಾಮಿ' ಕೂಟವನ್ನು ಕಟ್ಟಿದರು.

ಇನ್ನು ನಮ್ಮ ನೆಲಕ್ಕೆ ಬರೋಣ. ಇಳಕಲ್‌ನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿಯವರು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಓಣಿ ಓಣಿ ಅಲೆದು, ಕಾಳು ಕಾಸನ್ನಲ್ಲ, ನಿಮ್ಮ ದುಶ್ಚಟಗಳನ್ನು ಭಿಕ್ಷೆ ನೀಡಿರೆಂದು ಬೇಡಿದರು. ಜನರು ಬೀಡಿ, ಗುಟ್ಕಾ ಪೊಟ್ಟಣಗಳನ್ನು ಅದರಲ್ಲಿ ಹಾಕಿ ಕುಡಿತ ಬಿಡುವ ಪ್ರಮಾಣ ಮಾಡಿದರು. ಜಾತಿ ಮತಗಳ ಗಡಿ ಆ ಜೋಳಿಗೆಗಿರಲಿಲ್ಲ. 2018ರಲ್ಲಿ ಅವರು ನಿಧನರಾದ ಬಳಿಕ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಅವರ ಧರ್ಮ ಬೇರೆ, ನಮ್ಮ ಧರ್ಮ ಬೇರೆ. ಆದರೆ ವ್ಯಸನಿಯು ತಮ್ಮ ಬಾಗಿಲಿಗೆ ಬರಲೆಂದು ಕಾಯದೆ ತಾವೇ ಅವನ ಬಾಗಿಲಿಗೆ ಹೋದ ಆ ನಡೆಯಲ್ಲಿ, ಹಝ್ರತ್ ಉಮರ್(ರ)ರ ಪತ್ರದ ನೆನಪು ನಮಗಾಗದಿರದು.

ಪ್ರಮಾಣದ ಬಳಿಕದ ರಾತ್ರಿಗಳು ಕಠಿಣವಾದವು. ಅದಕ್ಕಾಗಿ ವಾಸದ ವ್ಯವಸ್ಥೆ ಬೇಕು. ಧರ್ಮಸ್ಥಳದ ಜನಜಾಗೃತಿ ವೇದಿಕೆಯು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ. ವ್ಯಸನಿಗಳು ಸುಮಾರು ಒಂದು ವಾರ ಒಂದೆಡೆ ತಂಗುತ್ತಾರೆ, ಪ್ರಾರ್ಥನೆ, ವ್ಯಾಯಾಮ, ಆಪ್ತಸಲಹೆಗಳು ನಡೆಯುತ್ತವೆ, ಕುಟುಂಬದವರನ್ನೂ ಕರೆಸಲಾಗುತ್ತದೆ. ಮುಗಿದ ಮೇಲೆ ಬಿಟ್ಟವರೇ ಸೇರಿ ನವಜೀವನ ಸಮಿತಿಗಳನ್ನು ಮಾಡಿಕೊಳ್ಳುತ್ತಾರೆ. ಇಂತಹ ಶಿಬಿರಗಳ ಸಂಖ್ಯೆ ಸಾವಿರವನ್ನು ದಾಟಿದೆ. ಮತ್ತೊಂದೆಡೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರು ಬೇರೆ ಅಗ್ಗದ ಮದ್ಯಕ್ಕೆ ತಿರುಗಿದರು. ಅಂಗಡಿ ಮುಚ್ಚಿದ ಮಾತ್ರಕ್ಕೆ ದೇಹದೊಳಗಿನ ದಾಹ ತಣಿಯುವುದಿಲ್ಲ.

ಶ್ರದ್ಧೆಯ ಹೆಸರಿನಲ್ಲಿ ನಡೆದ ಆಶ್ರಯಗಳೆಲ್ಲವೂ ಹೆಮ್ಮೆ ಪಡುವಂತಹವುಗಳಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನಂಬಿಕೆಯಿಂದ ಕರೆತಂದ ಮನೋರೋಗಿಗಳನ್ನಿರಿಸಿದ್ದ ಖಾಸಗಿ ಮನೆಯೊಂದಕ್ಕೆ ಬೆಂಕಿ ತಗುಲಿತು. ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ ಹೋದರು. 28 ಮಂದಿ ಮೃತಪಟ್ಟರು. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯ ವ್ಯಾಪ್ತಿಯಲ್ಲಿವೆ. ಅಂತಹವರನ್ನು ಇರಿಸಿಕೊಂಡು ಆರೈಕೆ ಮಾಡುವ ಕೇಂದ್ರಗಳು ನೋಂದಣಿ ಹೊಂದಿರಬೇಕು. ಧರ್ಮದ ಫಲಕ ತೂಗುಹಾಕಿದ ಕಾರಣಕ್ಕೆ ಯಾವ ಕೇಂದ್ರಕ್ಕೂ ಇದರಿಂದ ವಿನಾಯಿತಿ ಇಲ್ಲ, ಇರಲೂಬಾರದು.

ನಮ್ಮ ಸಮುದಾಯದಲ್ಲಿ ಸಾಮಾನ್ಯವಾಗಿ ಕಾಣುವ ಎರಡು ರೂಢಿಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಒಂದು, ವ್ಯಸನಿಯನ್ನು ಕೋಣೆಯಲ್ಲಿ ಕೂಡಿಹಾಕುವುದು. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೈನಡುಕ, ಫಿಟ್ಸ್, ಒಂದೆರಡು ದಿನಗಳಲ್ಲೇ ಬುದ್ಧಿಭ್ರಮಣೆ ಉಂಟಾಗಬಹುದು, ಪ್ರಾಣವೂ ಹೋಗಬಹುದು. ಆ ದಿನಗಳು ವೈದ್ಯರ ಕಣ್ಣೆದುರು ಕಳೆಯಬೇಕಾದ ದಿನಗಳು. ಎರಡನೆಯದು, ಯಾರಿಗೂ ತಿಳಿಯದಂತೆ ನಲವತ್ತು ದಿನ ಜಮಾತಿನೊಂದಿಗೆ ಕಳಿಸಿಬಿಡುವುದು. ಒಳ್ಳೆಯವರ ಸಹವಾಸ, ಸಮಯಕ್ಕೆ ಸರಿಯಾದ ನಮಾಝ್, ಹಳೆಯ ಗೆಳೆಯರಿಂದ ದೂರವಿರುವುದು, ಇವೆಲ್ಲ ನಿಜವಾಗಿಯೂ ಉಪಕಾರಿ. ಆದರೆ ಚಿಕಿತ್ಸೆಯಿಲ್ಲದೆ ಹೋದವನು ಮರಳಿ ಅದೇ ಓಣಿಗೆ, ಅದೇ ಸಾಲಕ್ಕೆ, ಅದೇ ಒಂಟಿತನಕ್ಕೆ ಬಂದಾಗ ಕೈಹಿಡಿಯುವವರು ಯಾರು? ಮತ್ತೆ ಕುಡಿದರೆ, ದೀನಿನಿಂದಲೂ ಸರಿಹೋಗದವನೆಂಬ ಇನ್ನೊಂದು ಅಪವಾದವನ್ನು ನಾವು ಅವನ ತಲೆಗೆ ಕಟ್ಟುತ್ತೇವೆ. ಚಿಕಿತ್ಸೆಯನ್ನು ಮಾಡಿಕೊಳ್ಳಿರೆಂದು ಪ್ರವಾದಿವರ್ಯರು(ಸ)ರೇ ಆದೇಶಿಸಿರುವಾಗ ಔಷಧಿಯನ್ನು ಈಮಾನಿನ ಕೊರತೆಯೆಂದು ಭಾವಿಸುವುದು ಸರಿಯಲ್ಲ.

ದೊಡ್ಡ ಕಟ್ಟಡವಿಲ್ಲದೆಯೂ ಕೆಲಸ ಆರಂಭಿಸಬಹುದು. ಪ್ರತಿ ಊರಿನ ಅಂಜುಮನ್ ಸಮಿತಿಯು ಗುಟ್ಟು ಕಾಯಬಲ್ಲ ಇಬ್ಬರು ಹಿರಿಯರನ್ನು ನೇಮಿಸಲಿ. ಹೆಂಡತಿಯೋ ತಾಯಿಯೋ ಬಂದು ಹೇಳಿಕೊಂಡಾಗ ಅವಳನ್ನೇ ದೂರದೆ, ಅವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಅವರದಾಗಲಿ. ವ್ಯಸನಮುಕ್ತಿಗಾಗಿ ಸರಕಾರದ ಉಚಿತ ಸಹಾಯವಾಣಿ 14446 ಇದೆ. ಅದನ್ನು ಮಸೀದಿಯ ಫಲಕದಲ್ಲಿ ಬರೆದಿಡಲಿ. ದುಡಿಯುವವನು ಚಿಕಿತ್ಸೆಯಲ್ಲಿರುವಷ್ಟು ದಿನ ಆ ಬಡ ಮನೆಯ ಒಲೆ ಉರಿಯಲು ಝಕಾತ್ ಮತ್ತು ಸದಕಾದ ಪಾಲು ಸಲ್ಲಲಿ. ಬಿಟ್ಟು ಬಂದವನಿಗೆ ಮೊದಲ ಸಾಲಿನಲ್ಲಿ ಜಾಗವೂ ಕೈಗೊಂದು ಕೆಲಸವೂ ದೊರೆಯಲಿ. ಮತ್ತೆ ಜಾರಿದರೆ ಮತ್ತೆ ಕರೆದೊಯ್ಯಲಿ.

ಮದೀನಾದ ಆ ಅಬ್ದುಲ್ಲಾರನ್ನು ಎಷ್ಟು ಬಾರಿ ಕರೆತಂದರೂ ಪ್ರವಾದಿವರ್ಯರು(ಸ) ತಮ್ಮವನಲ್ಲವೆಂದು ಹೇಳಲಿಲ್ಲ. ನಮ್ಮ ಓಣಿಯಲ್ಲಿ ತಡವರಿಸುತ್ತ ನಡೆಯುವವನನ್ನು ನಮ್ಮವನಲ್ಲವೆನ್ನುವ ಅಧಿಕಾರವನ್ನು ನಮಗೆ ಕೊಟ್ಟವರಾರು? ಅಲ್ಲಾಹನು ನಮ್ಮ ಯುವಕರನ್ನು ನಶೆಯ ಕೆಡುಕಿನಿಂದ ಕಾಪಾಡಲಿ, ಸಿಲುಕಿದವರಿಗೆ ಬಿಡುಗಡೆಯನ್ನೂ ನಮಗೆ ಅವರ ಕೈಹಿಡಿಯುವ ಸಹನೆಯನ್ನೂ ದಯಪಾಲಿಸಲಿ. ಆಮೀನ್.