ಮೋರ್‌ಬಾತ್ ಹಳ್ಳಿಯ ಲೆಕ್ಕದ ಪುಸ್ತಕ

ನಮ್ಮ ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡಿಸುವ ಹೊತ್ತಿಗೆ ಸರಿಯಾಗಿ ಕಾಫಿ ಬಂದಿರುತ್ತದೆ. "ಓದಿದ್ದಾಯಿತು ಎಂದುಕೊಳ್ಳೋಣ" ಎಂದು ಯಾರಾದರೂ ಸೂಚಿಸುತ್ತಾರೆ, ಉಳಿದವರು ಕೈಯೆತ್ತಿ ಅನುಮೋದಿಸುತ್ತಾರೆ. ಎರಡು ವರ್ಷ ಖಜಾಂಚಿಯಾಗಿದ್ದ ನನಗೂ ಅದರಿಂದ ಸಮಾಧಾನವೇ ಆಗುತ್ತಿತ್ತು. ಎಕ್ಸೆಲ್ ಹಾಳೆ ಓದಿ ಹೇಳುವುದರಲ್ಲಿ ಏನು ಸ್ವಾರಸ್ಯ? ಈ ಅಭಿಪ್ರಾಯ ಬದಲಾದದ್ದು ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಯ ಚರ್ಚಿನ ಲೆಕ್ಕದ ಕಥೆ ಓದಿದ ಮೇಲೆ.

ಕಂಪನಿಯ ಕೆಲಸಕ್ಕಾಗಿ ಕೆಲವು ತಿಂಗಳು ನಾನು ಎಕ್ಸೆಟರ್ ಎಂಬ ಊರಿನಲ್ಲಿದ್ದೆ. ಈಸ್ಟರ್ ಬಂತು. ಅಲ್ಲಿ ಶುಭ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಒಟ್ಟಿಗೆ ರಜೆ. ಆಫೀಸಿನ ಗೆಳತಿಯೊಬ್ಬಳು ಓದಲು ಒಂದು ಪುಸ್ತಕ ಕೊಟ್ಟಳು. ಅದು ಇತಿಹಾಸಕಾರ ಏಮನ್ ಡಫಿ ಅವರು 2001ರಲ್ಲಿ ಪ್ರಕಟಿಸಿದ 'ದಿ ವಾಯ್ಸಸ್ ಆಫ್ ಮೋರ್‌ಬಾತ್'. ಎರಡು ದಿನದಲ್ಲಿ ಅರ್ಧ ಓದಿ, ಶನಿವಾರ ಅವಳ ಕಾರಿನಲ್ಲೇ ಆ ಹಳ್ಳಿಗೆ ಹೋಗಿಬಂದೆವು. ಡೆವನ್ ಪ್ರಾಂತ್ಯದ ಉತ್ತರದಲ್ಲಿ, ಎಕ್ಸ್‌ಮೂರ್ ಗುಡ್ಡಗಾಡಿನ ಅಂಚಿನಲ್ಲಿದೆ ಮೋರ್‌ಬಾತ್. ಇಕ್ಕಟ್ಟಾದ ರಸ್ತೆ, ಎರಡೂ ಕಡೆ ಬೇಲಿ, ಬೇಲಿಯಾಚೆ ಕುರಿಗಳು. ಸಂತ ಜಾರ್ಜನ ಹೆಸರಿನ ಚರ್ಚಿನೊಳಗೆ ಇಬ್ಬರು ವಯಸ್ಸಾದ ಹೆಂಗಸರು ಮರುದಿನದ ಈಸ್ಟರ್‌ಗಾಗಿ ಕಿಟಕಿಗಳಲ್ಲಿ ಹಳದಿ ಡ್ಯಾಫೊಡಿಲ್ ಹೂಗಳನ್ನು ಜೋಡಿಸುತ್ತಿದ್ದರು.

ಸುಮಾರು ಐನೂರು ವರ್ಷಗಳ ಹಿಂದೆ ಇಲ್ಲಿ 33 ಮನೆಗಳಿದ್ದವು. 1520ರಲ್ಲಿ ಸರ್ ಕ್ರಿಸ್ಟೋಫರ್ ಟ್ರಿಕ್ಕಿ ಎಂಬ ಪಾದ್ರಿ ಈ ಊರಿಗೆ ಬಂದರು. ಆಗಿನ ಕಾಲದಲ್ಲಿ ಸಾಮಾನ್ಯ ಪಾದ್ರಿಗಳಿಗೂ 'ಸರ್' ಎನ್ನುವುದು ರೂಢಿ. 1574ರಲ್ಲಿ ಸಾಯುವವರೆಗೂ, ಅಂದರೆ 54 ವರ್ಷ, ಅವರು ಇದೇ ಊರಿನಲ್ಲಿದ್ದರು. ಚರ್ಚಿನ ಲೆಕ್ಕವನ್ನೆಲ್ಲ ಅವರೇ ಬರೆಯುತ್ತಿದ್ದರು, ಊರವರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಹಾಗಾಗಿ ಅದು ಬರೀ ಅಂಕಿಗಳ ಪಟ್ಟಿಯಲ್ಲ. ಯಾರು ಏನು ಕೊಟ್ಟರು, ಯಾರ ಮನೆಯಲ್ಲಿದ್ದ ಚರ್ಚಿನ ಕುರಿ ಸತ್ತಿತು, ಯಾರ ಮೇಲೆ ಯಾರಿಗೆ ಮುನಿಸು ಎಲ್ಲವೂ ಅದರಲ್ಲಿದೆ.

ಆ ಕಾಲದ ಹಳ್ಳಿಯ ಈಸ್ಟರ್ ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಅದಕ್ಕೆ ಮೊದಲು ಬರುವ ತಪಸ್ಸು ಕಾಲದಲ್ಲಿ ಮಾಂಸವಷ್ಟೇ ಅಲ್ಲ, ಮೊಟ್ಟೆ, ಹಾಲು, ಬೆಣ್ಣೆಯೂ ನಿಷಿದ್ಧ. ಚರ್ಚಿನಲ್ಲಿ ಬಲಿಪೀಠ ಕಾಣದಂತೆ ದೊಡ್ಡ ಪರದೆ ಇಳಿಬಿಡುತ್ತಿದ್ದರು. ಗರಿಗಳ ಭಾನುವಾರ ಮೆರವಣಿಗೆ. ಇಂಗ್ಲೆಂಡಿನಲ್ಲಿ ಖರ್ಜೂರದ ಗರಿ ಎಲ್ಲಿಂದ ಬರಬೇಕು? ಊರಿನ ವಿಲೋ ಅಥವಾ ಯೂ ಮರದ ಕೊಂಬೆಗಳೇ ಗರಿಗಳು. ಶುಭ ಶುಕ್ರವಾರ ಜನ ಬರಿಗಾಲಲ್ಲಿ, ಮೊಣಕಾಲೂರಿ ತೆವಳುತ್ತ ಹೋಗಿ ಶಿಲುಬೆಗೆ ಮುತ್ತಿಡುತ್ತಿದ್ದರು. ಬಳಿಕ ಶಿಲುಬೆಯನ್ನೂ ಪರಮ ಪ್ರಸಾದವನ್ನೂ ಬಟ್ಟೆಯಲ್ಲಿ ಸುತ್ತಿ, ಬಲಿಪೀಠದ ಉತ್ತರ ದಿಕ್ಕಿನಲ್ಲಿ ಕಟ್ಟಿದ 'ಈಸ್ಟರ್ ಸಮಾಧಿ'ಯಲ್ಲಿ ಇಡುತ್ತಿದ್ದರು. ಹೆಚ್ಚಿನ ಹಳ್ಳಿಗಳಲ್ಲಿ ಅದು ಕಸೂತಿ ಬಟ್ಟೆ ಹೊದಿಸಿದ ಮರದ ಚೌಕಟ್ಟು. ಕೆಲವು ಕಡೆ ಕಲ್ಲಿನದು. ಲಿಂಕನ್‌ಶೈರ್‌ನ ಹೆಕಿಂಗ್ಟನ್ ಹಳ್ಳಿಯ ಚರ್ಚಿನಲ್ಲಿ, ಸಮಾಧಿ ಕಾಯುತ್ತಲೇ ನಿದ್ದೆಹೋದ ಸೈನಿಕರನ್ನು ಕೆತ್ತಿರುವುದನ್ನು ಇಂದಿಗೂ ನೋಡಬಹುದು.

ಆ ಸಮಾಧಿಯ ಮುಂದೆ ಮೇಣದ ದೀಪಗಳು ಉರಿಯುತ್ತಿರಬೇಕು, ಭಾನುವಾರದ ನಸುಕಿನವರೆಗೆ ಊರವರು ಸರದಿಯಲ್ಲಿ ಕಾವಲಿರಬೇಕು. ಕಾವಲುಗಾರರಿಗೆ ಕೊಟ್ಟ ಬ್ರೆಡ್ಡು, ಬಿಯರ್, ಬೆಂಕಿಗೆ ಹಾಕಿದ ಇದ್ದಿಲು ಇವುಗಳ ಖರ್ಚು ಎಷ್ಟೋ ಚರ್ಚುಗಳ ಲೆಕ್ಕದಲ್ಲಿದೆ. ಬೆಳಗಾಗುತ್ತಿದ್ದಂತೆ ಗಂಟೆಗಳು ಮೊಳಗುತ್ತಿದ್ದವು, ಶಿಲುಬೆ ಹೊರಬರುತ್ತಿತ್ತು. ಸಾಮಾನ್ಯ ಜನ ಆಗ ಪರಮ ಪ್ರಸಾದ ಸ್ವೀಕರಿಸುತ್ತಿದ್ದದ್ದು ಬಹುಮಟ್ಟಿಗೆ ವರ್ಷಕ್ಕೆ ಒಮ್ಮೆ, ಈಸ್ಟರ್‌ನಲ್ಲಿ ಮಾತ್ರ. ಅದಕ್ಕೂ ಮುನ್ನ ಪಾಪನಿವೇದನೆ ಮಾಡಬೇಕು, ನೆರೆಯವರೊಂದಿಗಿನ ಜಗಳ ಬಗೆಹರಿಸಿಕೊಂಡಿರಬೇಕು. ಹಳ್ಳಿಗೆ ಅದು ಹಬ್ಬವೂ ಹೌದು, ವರ್ಷದ ಬಾಕಿ ಚುಕ್ತಾ ಮಾಡುವ ದಿನವೂ ಹೌದು.

ಇಷ್ಟಕ್ಕೆಲ್ಲ ಮೇಣ ಬೇಕು, ಬಟ್ಟೆ ಬೇಕು, ಹಣ ಬೇಕು. ನಮ್ಮ ಹಳ್ಳಿಗಳಲ್ಲಿ ಗುಡಿಯ ದೀಪದ ಎಣ್ಣೆಗೆ ಮನೆಮನೆಯ ಸರದಿ ಇರುತ್ತದಲ್ಲ, ಹಾಗೆ ಮೋರ್‌ಬಾತ್‌ನಲ್ಲಿ ಒಂದೊಂದು ದೀಪದ ಹಿಂದೆ ಒಂದೊಂದು ನಿಧಿ ಇತ್ತು. ಅದನ್ನು 'ಸ್ಟೋರ್' ಎನ್ನುತ್ತಿದ್ದರು. ಮಾತೆ ಮರಿಯಳ ನಿಧಿಗೆ ಕುರಿಗಳಿದ್ದವು. ಅವುಗಳನ್ನು ಊರಿನ ಮನೆಗಳಿಗೆ ಹಂಚಿ ಸಾಕಿಸುತ್ತಿದ್ದರು, ಉಣ್ಣೆ ಮಾರಿದ ಹಣ ದೀಪಕ್ಕೆ. ಯುವಕರ ನಿಧಿ ಬಿಯರ್ ಕುದಿಸಿ ಊರೂಟ ನಡೆಸಿ ಹಣ ಸೇರಿಸುತ್ತಿತ್ತು. ಇವುಗಳ ಜೊತೆಗೆ 'ಕನ್ಯೆಯರ ನಿಧಿ'ಯೂ ಒಂದಿತ್ತು. ಮದುವೆಯಾಗದ ಹೆಣ್ಣುಮಕ್ಕಳು ತಮ್ಮಲ್ಲೇ ವಾರ್ಡನ್‌ಗಳನ್ನು ಹೊಂದಿದ್ದು, ವಂತಿಗೆ ಎತ್ತಿ, ಊರಿನ ಮುಂದೆ ಲೆಕ್ಕ ಒಪ್ಪಿಸುತ್ತಿದ್ದರು. ಅವರ ಹೆಸರುಗಳು ಪುಸ್ತಕದಲ್ಲಿ ದಾಖಲಾಗಿವೆ. ಓದು ಬರಹ ಬಾರದ, ಆಸ್ತಿಯಿಲ್ಲದ, ಬೇರೆ ಯಾವ ಕಾಗದದಲ್ಲೂ ಹೆಸರು ಕಾಣಿಸಿಕೊಳ್ಳದ ಹಳ್ಳಿಯ ಹುಡುಗಿಯರು ಇವರು.

ಹೆಂಗಸರು ಹಣ ಎತ್ತುವುದರಲ್ಲಿ ಹಿಂದೆ ಬಿದ್ದವರೇನಲ್ಲ. ಈಸ್ಟರ್ ಮುಗಿದ ಮೇಲೆ ಬರುವ 'ಹಾಕ್‌ಟೈಡ್' ಎಂಬ ಎರಡು ದಿನಗಳಲ್ಲಿ, ಮುಖ್ಯವಾಗಿ ಪಟ್ಟಣಗಳ ಚರ್ಚುಗಳಲ್ಲಿ, ಹೆಂಗಸರು ದಾರಿಯಲ್ಲಿ ಗಂಡಸರನ್ನು ಹಗ್ಗದಿಂದ ಕಟ್ಟಿ, ಚರ್ಚಿಗೆ ಕಾಸು ಕೊಟ್ಟ ಮೇಲೆಯೇ ಬಿಡುತ್ತಿದ್ದರು. ಇನ್ನೊಂದು ದಿನ ಗಂಡಸರ ಸರದಿ. ಲೆಕ್ಕ ನೋಡಿದರೆ ಸಾಮಾನ್ಯವಾಗಿ ಹೆಂಗಸರ ಗಳಿಕೆಯೇ ಹೆಚ್ಚು!

ಮೋರ್‌ಬಾತ್‌ನ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಘಟನೆ 1534ರದು. ಎಕ್ಸೆಟರ್ ಭಾಗದ ಸಂತಳಾದ ಸಿಡ್‌ವೆಲ್‌ಳ ಮೂರ್ತಿ ಆ ಚರ್ಚಿನಲ್ಲಿತ್ತು. ಊರವರು ಕೊಟ್ಟ ಬೆಳ್ಳಿಯಿಂದ ಅವಳಿಗೊಂದು ಬೆಳ್ಳಿಯ ಪಾದರಕ್ಷೆ ಮಾಡಿಸಿದ್ದರು. ಆ ವರ್ಷ ಕಳ್ಳನೊಬ್ಬ ಏಣಿ ಹಾಕಿ ಚರ್ಚಿಗೆ ಇಳಿದು ಪೂಜೆಯ ಬೆಳ್ಳಿ ಬಟ್ಟಲನ್ನೂ ಆ ಪಾದರಕ್ಷೆಯನ್ನೂ ಹೊತ್ತೊಯ್ದ. ಬಡ ಊರಿಗೆ ಅದು ದೊಡ್ಡ ನಷ್ಟ. ಆಗ ಊರಿನ ಯುವಕ ಯುವತಿಯರು ಒಟ್ಟುಗೂಡಿ, ತಾವೇ ಹಣ ಸೇರಿಸಿ, ಊರಿನ ಮೇಲೆ ಒಂದು ಕಾಸಿನ ಹೊರೆಯನ್ನೂ ಹೊರಿಸದೆ ಹೊಸ ಬಟ್ಟಲು ತಂದರು. ಪಾದ್ರಿ ಇದನ್ನು ಹೆಮ್ಮೆಯಿಂದ ಬರೆದಿಟ್ಟಿದ್ದಾರೆ.

ನಾಲ್ಕೇ ವರ್ಷ ಕಳೆಯುವಷ್ಟರಲ್ಲಿ ಎಲ್ಲ ಬದಲಾಗತೊಡಗಿತು. ದೊರೆ ಎಂಟನೇ ಹೆನ್ರಿ ಪೋಪ್‌ನಿಂದ ಬೇರೆಯಾಗಿದ್ದ. 1538ರ ಆಜ್ಞೆಯಂತೆ ಸಂತರ ಮೂರ್ತಿಗಳ ಮುಂದೆ ದೀಪ ಹಚ್ಚುವಂತಿಲ್ಲ. ಮೂರು ಕಡೆ ಮಾತ್ರ ವಿನಾಯಿತಿ ಸಿಕ್ಕಿತು: ದೊಡ್ಡ ಶಿಲುಬೆಯ ಬಳಿ, ಪರಮ ಪ್ರಸಾದದ ಮುಂದೆ ಮತ್ತು ಈಸ್ಟರ್ ಸಮಾಧಿಯ ಮುಂದೆ. ಕೇಳಲು ಸಣ್ಣ ಬದಲಾವಣೆ. ಈಸ್ಟರ್ ದೀಪ ಉಳಿಯಿತಲ್ಲ ಎನ್ನಬಹುದು. ಆದರೆ ದೀಪವೇ ಇಲ್ಲದ ಮೇಲೆ ದೀಪದ ನಿಧಿ ಏಕೆ? ಸಣ್ಣಪುಟ್ಟ ನಿಧಿಗಳು ಒಂದೊಂದಾಗಿ ಮುಚ್ಚಿದವು, ಕನ್ಯೆಯರದ್ದೂ ಮುಚ್ಚಿತು. ಅವರ ಹೆಸರು ಬರೆಯುತ್ತಿದ್ದ ಪುಟಗಳೂ ಅಲ್ಲಿಗೆ ನಿಂತವು. ಹುಡುಗಿಯರು ಚರ್ಚಿಗೆ ಬರಬಾರದೆಂದು ಯಾರೂ ಹೇಳಲಿಲ್ಲ. ಅವರಿಗೊಂದು ಜವಾಬ್ದಾರಿ ಇಲ್ಲವಾಯಿತು, ಅಷ್ಟೇ.

1547ರಲ್ಲಿ ಬಾಲಕ ದೊರೆ ಆರನೇ ಎಡ್ವರ್ಡ್‌ನ ಆಳ್ವಿಕೆ ಬಂದಾಗ ಉಳಿದದ್ದೂ ಹೋಯಿತು. ಗರಿಗಳು, ಶಿಲುಬೆಯ ಬಳಿಗೆ ತೆವಳುವ ಆಚರಣೆ, ಮೂರ್ತಿಗಳು, ಸಮಾಧಿ ಎಲ್ಲಕ್ಕೂ ನಿಷೇಧ. ಮೋರ್‌ಬಾತ್‌ನ ಚರ್ಚಿನ ಕುರಿಗಳು ಮಾರಾಟವಾದವು, ಊರೂಟಗಳು ನಿಂತವು. 1548ರಲ್ಲಿ ಮುಖ್ಯ ವಾರ್ಡನ್ ಆಗಿದ್ದವಳು ಲೂಸಿ ಸೀಲಿ ಎಂಬ ಹೆಂಗಸು. ಊರು ಕಟ್ಟಿದ್ದೆಲ್ಲ ಕರಗುತ್ತಿದ್ದ ವರ್ಷದ ಲೆಕ್ಕ ಒಪ್ಪಿಸುವ ಕೆಲಸ ಅವಳ ಪಾಲಿಗೆ ಬಂತು. ಶವಸಂಸ್ಕಾರದ ಪೂಜೆಗೆಂದು ಪಾದ್ರಿ ಸುಮಾರು ಇಪ್ಪತ್ತು ವರ್ಷ ಕಾಸು ಕೂಡಿಸಿ ತರಿಸಿದ್ದ ಕಪ್ಪು ಪೂಜಾವಸ್ತ್ರ ಬಂದದ್ದು 1547ರಲ್ಲೇ, ಇನ್ನೇನು ಅದು ನಿಷಿದ್ಧವಾಗಲಿದ್ದ ಹೊತ್ತಿನಲ್ಲಿ. 1549ರಲ್ಲಿ ಹೊಸ ಪ್ರಾರ್ಥನಾ ಪುಸ್ತಕದ ವಿರುದ್ಧ ಡೆವನ್ ದಂಗೆಯೆದ್ದಾಗ ಈ ಊರು ಐದು ಯುವಕರಿಗೆ ಹಣ ಕೊಟ್ಟು ಎಕ್ಸೆಟರ್ ಹೊರಗಿನ ಶಿಬಿರಕ್ಕೆ ಕಳಿಸಿತು. ಅದೂ ಲೆಕ್ಕದಲ್ಲಿದೆ. ದಂಗೆಯನ್ನು ರಕ್ತದಲ್ಲಿ ಅಡಗಿಸಲಾಯಿತು.

1553ರಲ್ಲಿ ರಾಣಿ ಮೇರಿ ಹಳೆಯ ಧರ್ಮವನ್ನು ಮರಳಿ ತಂದಾಗ, ಊರವರು ಮನೆಗಳಲ್ಲಿ ಬಚ್ಚಿಟ್ಟಿದ್ದ ಚರ್ಚಿನ ವಸ್ತುಗಳನ್ನು ಒಂದೊಂದಾಗಿ ತಂದುಕೊಟ್ಟರು. ಪಾದ್ರಿ ಯಾರು ಏನು ತಂದರೆಂದು ಹೆಸರು ಸಹಿತ ಬರೆದರು. ಐದಾರು ವರ್ಷಗಳಲ್ಲೇ ರಾಣಿ ಎಲಿಜಬೆತ್ ಬಂದು ಮತ್ತೆ ಎಲ್ಲ ತಿರುಗಿತು. ಟ್ರಿಕ್ಕಿ ಊರು ಬಿಡಲಿಲ್ಲ. ಹೊಸ ಕ್ರಮದ ಪೂಜೆ ಮಾಡುತ್ತ, ಲೆಕ್ಕ ಬರೆಯುತ್ತ ಉಳಿದರು.

ಯಾವ ಧರ್ಮಕ್ರಮ ಸರಿ ಎಂಬ ವಾದ ನನ್ನದಲ್ಲ. ಈ ಕಥೆಯಲ್ಲಿ ನನ್ನನ್ನು ಕಾಡಿದ್ದು ಬೇರೆ. ಒಂದು ಹಬ್ಬದ ಸುತ್ತ ಹೆಣೆದುಕೊಂಡಿರುವ ಸಣ್ಣ ಕೆಲಸಗಳೇ ಜನರನ್ನು ಸಮುದಾಯ ಮಾಡುತ್ತವೆ. ಆ ಕೆಲಸಗಳು ಹೋದರೆ ಹಬ್ಬ ಉಳಿದರೂ ಜನ ನೋಡುಗರಾಗುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳು ಮೊದಲು ಮರೆಯಾಗುತ್ತಾರೆ. ಇಂದು ನಾವೂ ಉತ್ಸವಗಳಿಗೆ ಕೇಟರಿಂಗ್‌ನವರನ್ನು, ಅಲಂಕಾರಕ್ಕೆ ಏಜೆನ್ಸಿಯನ್ನು ಕರೆಯುತ್ತೇವೆ. ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಅದು ಅನಿವಾರ್ಯ, ನಾನೇ ಎಷ್ಟೋ ಬಾರಿ ಅದಕ್ಕೆ ಮತ ಹಾಕಿದ್ದೇನೆ. ಆದರೂ ರಾಜ್ಯೋತ್ಸವದ ಹಿಂದಿನ ರಾತ್ರಿ ಹತ್ತು ಜನ ಕೂತು ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಾಗ ಆದ ಪರಿಚಯಗಳು ಸಭಾಂಗಣದ ಕುರ್ಚಿಗಳಲ್ಲಿ ಕೂತು ಆಗಿಲ್ಲ.

ಮೋರ್‌ಬಾತ್‌ನಿಂದ ಹೊರಡುವಾಗ ಹೂ ಜೋಡಿಸುತ್ತಿದ್ದವರಲ್ಲಿ ಒಬ್ಬರು ನನ್ನ ಕೈಗೆ ಒಂದು ಗೊಂಚಲು ಕೊಟ್ಟು, ಮೂಲೆಯ ಕಿಟಕಿಯಲ್ಲಿಡಲು ಹೇಳಿದರು. ಇಟ್ಟು ಬಂದೆ. ಮನೆಗೆ ಮರಳಿದ ಮೇಲೆ ನಮ್ಮ ವೇದಿಕೆಯ ಹಳೆಯ ಲೆಕ್ಕದ ಕಡತ ತೆರೆದು ನೋಡಿದೆ. 'ಅಲಂಕಾರ', 'ಉಪಾಹಾರ', 'ಇತರೆ' ಎಂದಿತ್ತೇ ಹೊರತು ಒಬ್ಬರ ಹೆಸರೂ ಇರಲಿಲ್ಲ. ಬರೆದವಳು ನಾನೇ!

ಈಗ ಹಾಳೆಗೆ ಒಂದು ಕಾಲಂ ಸೇರಿಸಿದ್ದೇನೆ: ಯಾರು ಮಾಡಿದರು. ಈ ಬಾರಿಯ ವಾರ್ಷಿಕ ಸಭೆಯಲ್ಲಿ ದಯವಿಟ್ಟು ಕಾಫಿಯನ್ನು ಹತ್ತು ನಿಮಿಷ ತಡವಾಗಿ ತರಿಸೋಣ. ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇನೆ, ಹೆಸರುಗಳ ಸಮೇತ.