ಹಂಪೆಯ ಗಾಣಗಿತ್ತಿ ಬಸದಿ

ಹಂಪೆಗೆ ಹೋಗುವ ಶ್ರಾವಕ ಬಂಧುಗಳು ವಿರೂಪಾಕ್ಷನ ಗೋಪುರವನ್ನೂ ವಿಠ್ಠಲನ ಕಲ್ಲಿನ ರಥವನ್ನೂ ಕಂಡು ಮರಳುವುದುಂಟು. ಕಮಲಾಪುರದಿಂದ ಕಂಪ್ಲಿಗೆ ಸಾಗುವ ದಾರಿಯಲ್ಲಿ ಅವರು ಅರೆಗಳಿಗೆ ನಿಲ್ಲಬೇಕಾದ ಜಿನಾಲಯವೊಂದಿದೆ.

ಜನರು ಇದನ್ನು ಗಾಣಗಿತ್ತಿ ಗುಡಿಯೆನ್ನುತ್ತಾರೆ. ಆದರೆ ಎದುರಿನ ಮಾನಸ್ತಂಭದ ಸಂಸ್ಕೃತ ಶಾಸನದಲ್ಲಿ ಗಾಣಗಿತ್ತಿಯ ಮಾತೇ ಇಲ್ಲ. ಶಕವರ್ಷ 1307ರಲ್ಲಿ (ಕ್ರಿ.ಶ. 1385–86), ಎರಡನೆಯ ಹರಿಹರನ ಆಳ್ವಿಕೆಯಲ್ಲಿ, ಸಿಂಹನಂದಿ ಆಚಾರ್ಯರ ಶಿಷ್ಯನಾದ ಇರುಗಪ್ಪ ದಂಡನಾಯಕನು 17ನೆಯ ತೀರ್ಥಂಕರ ಶ್ರೀ ಕುಂಥುನಾಥ ಸ್ವಾಮಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ಸಾರುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವಿವಾದವನ್ನು 1368ರಲ್ಲಿ ಸಮಭಾವದಿಂದ ಪರಿಹರಿಸಿದ ಬುಕ್ಕರಾಯನ ಮಗನೇ ಈ ಹರಿಹರ.

1565ರಲ್ಲಿ ವಿಜಯನಗರವು ಹಾಳಾಯಿತು. ಮೆಟ್ಟಿಲುಮೆಟ್ಟಿಲಾದ ಶಿಖರವೂ ಮಾನಸ್ತಂಭವೂ ಇಂದಿಗೂ ನಿಂತಿವೆ. ಗರ್ಭಗೃಹ ಮಾತ್ರ ಬರಿದಾಗಿದೆ. ಕಲ್ಲು ಕಾಪಾಡಿದ ಹೆಸರನ್ನು ಜನರ ನಾಲಗೆ ಮರೆತಿತು. ಅದನ್ನು ಓದಿ ಹೇಳುವವರು ಅಲ್ಲಿ ಉಳಿಯಲಿಲ್ಲ.

ಬಿಂಬಪ್ರತಿಷ್ಠೆಯ ಈ ಶುಭದಿನದಲ್ಲಿ ಆ ಬರಿದಾದ ಗರ್ಭಗೃಹವು ನಮಗೆ ನೆನಪಾಗಲಿ. ಬಸದಿಯನ್ನು ಕಟ್ಟುವುದು ಶಿಲ್ಪಿಯ ಕೈಯಾದರೆ, ಅದನ್ನು ಬಸದಿಯಾಗಿ ಉಳಿಸುವುದು ನಿತ್ಯ ಬಂದು ಕೈಮುಗಿಯುವ ಶ್ರಾವಕನ ಹೆಜ್ಜೆ.