ಕರ್ನಾಟಕದಲ್ಲಿ ಮೈಲಿನ್‌ನಾಶಕ ಸ್ವಯಂಪ್ರತಿರಕ್ಷಾ ರೋಗಗಳ ಸಂಶೋಧನೆ

ಮೈಲಿನ್‌ನಾಶಕ ಸ್ವಯಂಪ್ರತಿರಕ್ಷಾ ರೋಗಗಳು ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯು ನರತಂತುಗಳ ಹೊದಿಕೆಯಾದ ಮೈಲಿನ್ ಪೊರೆಯನ್ನು ಪರಕೀಯವೆಂದು ಭಾವಿಸಿ ಆಕ್ರಮಿಸುವುದರಿಂದ ಉಂಟಾಗುವ ಕಾಯಿಲೆಗಳು. ಮಲ್ಟಿಪಲ್ ಸ್ಕ್ಲೆರೋಸಿಸ್, ನ್ಯೂರೋಮೈಲೈಟಿಸ್ ಆಪ್ಟಿಕಾ ಮತ್ತು ಮಾಗ್ ಪ್ರತಿಕಾಯ ರೋಗ ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದಲ್ಲಿ ಈ ರೋಗಗಳ ಅಧ್ಯಯನವು ಮುಖ್ಯವಾಗಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ನಡೆದಿದೆ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ರೋಗಗಳನ್ನು ಬೇರೆಬೇರೆಯಾಗಿ ಗುರುತಿಸಿದುದು ಈ ಅಧ್ಯಯನಗಳ ಪ್ರಮುಖ ಫಲ.

ಮೈಲಿನ್ ಮತ್ತು ಅದರ ನಾಶ

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುವಿಗೆ ಮೈಲಿನ್ ಎಂಬ ಕೊಬ್ಬಿನಂಶದ ಪೊರೆಯಿದೆ. ಈ ಪೊರೆಯಿಂದಾಗಿ ನರಸಂದೇಶವು ವೇಗವಾಗಿ ಚಲಿಸುತ್ತದೆ. ಪೊರೆ ಕಳಚಿದ ಭಾಗದಲ್ಲಿ ಸಂದೇಶವು ನಿಧಾನವಾಗುತ್ತದೆ ಅಥವಾ ನಿಂತೇಹೋಗುತ್ತದೆ. ದೃಷ್ಟಿನರದಲ್ಲಿ ಹೀಗಾದರೆ ಕಣ್ಣು ಮಂಜಾಗುತ್ತದೆ. ಬೆನ್ನುಹುರಿಯಲ್ಲಾದರೆ ಕಾಲುಗಳು ಸೋಲುತ್ತವೆ, ಮೂತ್ರದ ಹಿಡಿತ ತಪ್ಪುತ್ತದೆ. ಮೈ ಬಿಸಿಯಾದಾಗ ಈ ತೊಂದರೆಗಳು ತಾತ್ಕಾಲಿಕವಾಗಿ ಹೆಚ್ಚುವುದುಂಟು. ಇದನ್ನು 1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ವರ್ಣಿಸಿದರು. ಹಂಡೆಯ ಬಿಸಿನೀರಿನ ಸ್ನಾನದ ಬಳಿಕ ಕಣ್ಣು ಮಂಜಾಗಿ, ಮೈ ತಣಿದ ಮೇಲೆ ತಿಳಿಯಾಗುವುದು ಈ ಲಕ್ಷಣಕ್ಕೆ ಉದಾಹರಣೆ.

ಗಿಲಿಯನ್-ಬಾರೆ ಸಿಂಡ್ರೋಮಿನ ಒಂದು ಬಗೆಯಲ್ಲಿ ಮಿದುಳು ಮತ್ತು ಬೆನ್ನುಹುರಿಯ ಹೊರಗಿನ ನರಗಳ ಮೈಲಿನ್ ಹಾಳಾಗುತ್ತದೆ. ಈ ಲೇಖನವು ಮುಖ್ಯವಾಗಿ ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರದ ರೋಗಗಳಿಗೆ ಸಂಬಂಧಿಸಿದೆ.

ಕುರಿಯ ಮಿದುಳಿನ ಲಸಿಕೆ

ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಯ ಸುತ್ತ ದಿನವೂ ಚುಚ್ಚುಮದ್ದು ಹಾಕುತ್ತಿದ್ದ ಕಾಲವನ್ನು ಹಿರಿಯ ತಲೆಮಾರಿನವರು ಬಲ್ಲರು. ಆ ಔಷಧವನ್ನು ಸೆಂಪಲ್ ಲಸಿಕೆ ಎನ್ನುತ್ತಾರೆ. ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ಇದನ್ನು ರೂಪಿಸಿದರು. ರೇಬೀಸ್ ವೈರಸ್ಸನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನು ಅರೆದು, ಫಿನಾಲಿನಿಂದ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಲಾಗುತ್ತಿತ್ತು. ದಕ್ಷಿಣ ಭಾರತದಲ್ಲಿ ಕೂನೂರಿನ ಪ್ಯಾಶ್ಚರ್ ಸಂಸ್ಥೆ, ಬೆಳಗಾವಿಯ ಲಸಿಕಾ ಸಂಸ್ಥೆ ಮೊದಲಾದೆಡೆ ಇದು ತಯಾರಾಗುತ್ತಿತ್ತು.

ಲಸಿಕೆಯಲ್ಲಿ ವೈರಸ್ಸಿನೊಡನೆ ಕುರಿಯ ಮೈಲಿನ್ ಕೂಡ ಇರುತ್ತಿತ್ತು. ಹೀಗಾಗಿ ಲಸಿಕೆ ಪಡೆದ ಕೆಲವರ ದೇಹವು ಮೈಲಿನ್ನಿನ ವಿರುದ್ಧವೂ ಸಿಡಿದೆದ್ದು, ಅವರಿಗೆ ಪಾರ್ಶ್ವವಾಯು ಅಥವಾ ಮಿದುಳಿನ ಉರಿಯೂತ ಬರುತ್ತಿತ್ತು. ರೇಬೀಸ್ ತಗಲಿ ಲಕ್ಷಣಗಳು ಕಾಣಿಸಿಕೊಂಡರೆ ಸಾವು ಬಹುತೇಕ ಖಚಿತವಾದುದರಿಂದ ಬೇರೆ ಲಸಿಕೆ ಸಿಗದವರು ಈ ಅಪಾಯವನ್ನು ಒಪ್ಪಿಕೊಳ್ಳಲೇಬೇಕಾಗಿತ್ತು.

ಇಂಥ ಅವಘಡಗಳ ಕಾರಣವನ್ನು ತಿಳಿಯಲೆಂದೇ ಅಮೆರಿಕದ ಥಾಮಸ್ ರಿವರ್ಸ್ 1930ರ ದಶಕದಲ್ಲಿ ಮಂಗಗಳ ಮೇಲೆ ಪ್ರಯೋಗ ನಡೆಸಿದರು. ವೈರಸ್ ಇಲ್ಲದ, ಆರೋಗ್ಯವಂತ ಮೊಲದ ಮಿದುಳಿನ ಅಂಶವನ್ನು ಮತ್ತೆ ಮತ್ತೆ ಚುಚ್ಚಿದಾಗಲೂ ಮಂಗಗಳಲ್ಲಿ ಮೈಲಿನ್ ನಾಶವಾಯಿತು. ದೋಷ ವೈರಸ್ಸಿನದಲ್ಲ, ಮಿದುಳಿನ ಅಂಶದ್ದು ಎಂಬುದು ಇದರಿಂದ ಖಚಿತವಾಯಿತು. ಈ ಪ್ರಯೋಗವು ಮುಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಸಂಶೋಧನೆಯ ಪ್ರಮುಖ ಪ್ರಾಣಿ-ಮಾದರಿಯಾಗಿ ಬೆಳೆಯಿತು. 1987ರಲ್ಲಿ ಥಾಯ್ಲೆಂಡಿನ ಹೇಮಚುಧ ಮತ್ತು ಸಂಗಡಿಗರು, ಸೆಂಪಲ್ ಲಸಿಕೆಯಿಂದ ತೊಂದರೆಗೀಡಾದವರಲ್ಲಿ ಮೈಲಿನ್ನಿನ ಮೂಲ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳಿರುವುದನ್ನು ವರದಿ ಮಾಡಿದರು.

ನಿಮ್ಹಾನ್ಸ್‌ನ ಅಧ್ಯಯನ

1974ರಲ್ಲಿ ಸ್ಥಾಪನೆಯಾದ ನಿಮ್ಹಾನ್ಸ್‌ಗೆ ಲಸಿಕೆಯ ಬಳಿಕ ನರರೋಗಕ್ಕೆ ತುತ್ತಾದವರು ಬರುತ್ತಿದ್ದರು. ಫಿನಾಲಿನ ಬದಲು ಬೀಟಾ-ಪ್ರೊಪಿಯೋಲ್ಯಾಕ್ಟೋನ್ ಬಳಸಿ ಸಿದ್ಧಪಡಿಸಿದ ಲಸಿಕೆಯಿಂದಲೂ ನರಗಳಿಗೆ ತೊಂದರೆಯಾಗುತ್ತದೆ ಎಂಬುದನ್ನು ಎಚ್.ಎಸ್. ಸ್ವಾಮಿ, ಎಸ್.ಕೆ. ಶಂಕರ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ವರದಿ ಮಾಡಿ, ರೋಗಲಕ್ಷಣ ಹಾಗೂ ಚಿಕಿತ್ಸೆಯನ್ನು ವಿವರಿಸಿದರು. ರಾಸಾಯನಿಕವನ್ನು ಬದಲಿಸಿದ ಮಾತ್ರಕ್ಕೆ ಮಿದುಳಿನ ಅಂಶದಿಂದ ಬರುವ ಅಪಾಯ ತಪ್ಪುವುದಿಲ್ಲ ಎಂಬುದು ಇಂಥ ವರದಿಗಳಿಂದ ಸ್ಪಷ್ಟವಾಯಿತು.

ಭಾರತದಲ್ಲಿ ಮಿದುಳಿನ ಅಂಶವುಳ್ಳ ರೇಬೀಸ್ ಲಸಿಕೆಯ ತಯಾರಿಕೆ 2004ರ ಕೊನೆಯಲ್ಲಿ ನಿಂತಿತು. ಈಗ ತೋಳಿಗೆ ಅಥವಾ ಚರ್ಮದೊಳಗೆ ಹಾಕುವ ಲಸಿಕೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಿಸುತ್ತಾರೆ. ಅವುಗಳಲ್ಲಿ ಮಿದುಳಿನ ಅಂಶವಿರುವುದಿಲ್ಲ. ಆದ್ದರಿಂದ ನಾಯಿ ಕಡಿದವರು ಹಳೆಯ ಭಯದಿಂದ ಲಸಿಕೆಯನ್ನು ತಪ್ಪಿಸಲು ಕಾರಣವಿಲ್ಲ.

ಒಂದೇ ರೂಪದ ಬೇರೆಬೇರೆ ರೋಗಗಳು

ದೃಷ್ಟಿನರ ಮತ್ತು ಬೆನ್ನುಹುರಿ ಎರಡನ್ನೂ ಬಾಧಿಸುವ ರೋಗವನ್ನು ಫ್ರಾನ್ಸಿನ ಯೂಜೀನ್ ದೆವಿಕ್ 1894ರಲ್ಲಿ ವರ್ಣಿಸಿದ್ದರು. ಬಹುಕಾಲ ಅನೇಕ ವೈದ್ಯರು ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಬಗೆಯೆಂದೇ ಎಣಿಸಿದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು ಪತ್ತೆಹಚ್ಚಿದರು. ನೀರಿನ ಅಣುಗಳನ್ನು ಸಾಗಿಸುವ ಅಕ್ವಾಪೊರಿನ್-4 ಎಂಬ ಪ್ರೋಟೀನು ಅದರ ಗುರಿಯೆಂಬುದು ಮರುವರ್ಷ ತಿಳಿದುಬಂತು. ಈ ಪ್ರೋಟೀನು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳಲ್ಲಿದೆ. ಆದ್ದರಿಂದ ನ್ಯೂರೋಮೈಲೈಟಿಸ್ ಆಪ್ಟಿಕಾದಲ್ಲಿ ಮೊದಲು ಆಸ್ಟ್ರೋಸೈಟ್‌ಗಳು ಹಾಳಾಗುತ್ತವೆ; ಮೈಲಿನ್ ನಾಶ ಅದರ ಪರಿಣಾಮ. ಮೈಲಿನ್ನಿನ ಹೊರಮೈಯಲ್ಲಿರುವ ಮಾಗ್ ಪ್ರೋಟೀನಿನ ವಿರುದ್ಧ ಪ್ರತಿಕಾಯ ಉಂಟಾಗುವ ಮೂರನೆಯ ರೋಗವನ್ನೂ ಈಗ ಪ್ರತ್ಯೇಕವಾಗಿ ಪರಿಗಣಿಸಲಾಗಿದೆ.

ಮಂಗಳೂರಿನ ನೋಂದಣಿ

ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗತಜ್ಞೆ ಲೇಖಾ ಪಂಡಿತ್ ಅವರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಮೈಲಿನ್‌ನಾಶಕ ರೋಗಗಳ ನೋಂದಣಿ ನಡೆಯುತ್ತಿದೆ. ಅವರ ತಂಡವು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷ ಜನರಿಗೆ ಸುಮಾರು 8 ಮಂದಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ನ್ಯೂರೋಮೈಲೈಟಿಸ್ ಆಪ್ಟಿಕಾದ ಪ್ರಮಾಣ ಲಕ್ಷಕ್ಕೆ ಸುಮಾರು 2.6. ಉತ್ತರ ಯೂರೋಪಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಲಕ್ಷಕ್ಕೆ ನೂರನ್ನು ಮೀರುವುದರಿಂದ ಅಲ್ಲಿ ಎರಡನೆಯ ರೋಗ ತೀರ ವಿರಳವೆನಿಸುತ್ತದೆ. ಮಂಗಳೂರಿನ ಲೆಕ್ಕದಲ್ಲಾದರೋ ಈ ಎರಡು ರೋಗಗಳಿರುವ ನಾಲ್ವರಲ್ಲಿ ಸರಿಸುಮಾರು ಒಬ್ಬರದು ನ್ಯೂರೋಮೈಲೈಟಿಸ್ ಆಪ್ಟಿಕಾ. ಪಾಶ್ಚಾತ್ಯ ಪಠ್ಯಪುಸ್ತಕಗಳ ಅನುಪಾತವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇದು ಸಾಕ್ಷಿ.

ಈ ತಂಡವು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರೊಡನೆ ದಕ್ಷಿಣ ಭಾರತದ ರೋಗಿಗಳ ಪ್ರತಿಕಾಯಗಳನ್ನು ಅಧ್ಯಯನ ಮಾಡಿತು. ಕಡಿಮೆ ವೆಚ್ಚದ ರಕ್ತಪರೀಕ್ಷೆಯನ್ನು ಸ್ವಂತ ಪ್ರಯೋಗಾಲಯದಲ್ಲಿಯೇ ರೂಪಿಸಿತು.

ನಿಖರ ನಿದಾನದ ಮಹತ್ವ

ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ಬೀಟಾ-ಇಂಟರ್‌ಫೆರಾನ್, ಫಿಂಗೋಲಿಮೋಡ್ ಮತ್ತು ನಟಾಲಿಜುಮಾಬ್ ಔಷಧಗಳು ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಉಲ್ಬಣಗೊಳಿಸಬಲ್ಲವು. ಆದ್ದರಿಂದ ರೋಗದ ಹೆಸರು ತಪ್ಪಿದರೆ ಔಷಧವೇ ಕೇಡಾಗುತ್ತದೆ. ನ್ಯೂರೋಮೈಲೈಟಿಸ್ ಆಪ್ಟಿಕಾದಲ್ಲಿ ಅಂಗವೈಕಲ್ಯವು ಹೆಚ್ಚಾಗಿ ಒಂದೊಂದು ಆಘಾತದಿಂದಲೇ ಉಳಿಯುತ್ತದೆ. ಒಂದೇ ತೀವ್ರ ಆಘಾತದಿಂದ ಕಣ್ಣು ಶಾಶ್ವತವಾಗಿ ಹೋಗಬಹುದು. ಬಿಡದೆ ಕಾಡುವ ಬಿಕ್ಕಳಿಕೆ ಮತ್ತು ವಾಂತಿ ಕೂಡ ಇದರ ಮೊದಲ ಲಕ್ಷಣವಾಗಿರಬಹುದು. ಅದನ್ನು ಹೊಟ್ಟೆಯ ತೊಂದರೆಯೆಂದು ತಿಳಿದು ಔಷಧ ಮಾಡುತ್ತ ಕುಳಿತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಆಘಾತ ಬಂದಾಗ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಅದು ಸಾಲದಿದ್ದರೆ ಪ್ಲಾಸ್ಮಾ ವಿನಿಮಯ ಮಾಡುತ್ತಾರೆ. ನ್ಯೂರೋಮೈಲೈಟಿಸ್ ಆಪ್ಟಿಕಾ ಮರುಕಳಿಸದಂತೆ ತಡೆಯಲು 2019ರ ಬಳಿಕ ಎಕುಲಿಜುಮಾಬ್ ಮುಂತಾದ ಔಷಧಗಳು ಬಂದಿವೆಯಾದರೂ ಅವು ಬಹಳ ದುಬಾರಿ. ಭಾರತದಲ್ಲಿ ಅಜಥಯೋಪ್ರಿನ್, ಮೈಕೊಫಿನೋಲೇಟ್ ಮತ್ತು ರಿಟುಕ್ಸಿಮಾಬ್ ಹೆಚ್ಚು ಬಳಕೆಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ಗಾಗಿ ಕ್ಲಾಡ್ರಿಬಿನ್, ಗ್ಲಾಟಿರಾಮರ್ ಅಸಿಟೇಟ್ ಮತ್ತು ರಿಟುಕ್ಸಿಮಾಬನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಗ್ಲಾಟಿರಾಮರ್, ರಿವರ್ಸ್ ಅವರ ಪ್ರಯೋಗದಿಂದ ಬೆಳೆದ ಪ್ರಾಣಿ-ಮಾದರಿಯ ಅಧ್ಯಯನದಿಂದಲೇ ದೊರೆತ ಔಷಧ.

ಮಲೆನಾಡಿನ ಸಂದರ್ಭ

ಬಾಬಾಬುಡನ್‌ಗಿರಿಯ ದಾರಿಯಲ್ಲಿರುವ ಅತ್ತಿಗುಂಡಿ, ಘಟ್ಟದ ಅಂಚಿನ ಮೂಡಿಗೆರೆ, ಕಳಸ ಮುಂತಾದ ಕಾಫಿ ಸೀಮೆಯ ಊರುಗಳಿಂದ ಎಂಆರ್‌ಐ, ಪ್ರತಿಕಾಯ ಪರೀಕ್ಷೆ ಮತ್ತು ಪ್ಲಾಸ್ಮಾ ವಿನಿಮಯದ ಸೌಲಭ್ಯವುಳ್ಳ ದೊಡ್ಡ ಆಸ್ಪತ್ರೆಗಳಿಗಾಗಿ ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿನ ಹಾದಿ ಹಿಡಿಯಬೇಕಾಗುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದೂ ಉಂಟು. ಆಘಾತದ ಚಿಕಿತ್ಸೆ ಬೇಗ ಆರಂಭವಾದಷ್ಟೂ ಚೇತರಿಕೆಯ ಸಾಧ್ಯತೆ ಹೆಚ್ಚುವುದರಿಂದ, ಒಂದು ಕಣ್ಣು ನೋವಿನೊಡನೆ ದಿನಗಳಲ್ಲಿಯೇ ಮಂಜಾಗುವುದು, ಸೊಂಟದ ಕೆಳಗೆ ಜೋಮು ಹಿಡಿಯುವುದು ಮೊದಲಾದ ಲಕ್ಷಣಗಳನ್ನು ಸ್ಥಳೀಯ ವೈದ್ಯರೇ ಗುರುತಿಸಿ ಕಳುಹಿಸುವುದು ಇಲ್ಲಿ ವಿಶೇಷ ಮಹತ್ವ ಪಡೆಯುತ್ತದೆ.

ಕಾನೂನಿನ ಮನ್ನಣೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಮಲ್ಟಿಪಲ್ ಸ್ಕ್ಲೆರೋಸಿಸನ್ನು ದೀರ್ಘಕಾಲಿಕ ನರರೋಗವಾಗಿ ಹೆಸರಿಸಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವವರು ಪ್ರಮಾಣಪತ್ರ ಪಡೆದು ಕಾಯ್ದೆಯ ಸೌಲಭ್ಯಗಳನ್ನು ಕೋರಬಹುದು. ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಬೆಂಗಳೂರು ಶಾಖೆಯು ರೋಗಿಗಳಿಗೆ ಮತ್ತು ಅವರ ಕುಟುಂಬದವರಿಗೆ ನೆರವು ನೀಡುತ್ತದೆ.